ಸಸೆಕ್ಸ್‌ನ ವಿಂಟೇಜ್ ಸ್ಪಾರ್ಕ್ಲಿಂಗ್ ವೈನಿಗೆ ಅಷ್ಟು ಬೆಲೆ ಏಕೆ?

ಹಾರ್ಷಮ್ ಕನ್ನಡತಿ

ಸಂಘದ ಯುಗಾದಿ ಊಟದ ಹೊತ್ತಿನಲ್ಲಿ ಎದ್ದ ವಾದ ಅಲ್ಲಿ ಇತ್ಯರ್ಥವಾಗಲಿಲ್ಲ. ಇಲ್ಲಿ ಕೃಷಿ ಬಲ್ಲವರೂ ರಸಾಯನಶಾಸ್ತ್ರ ಬಲ್ಲವರೂ ಇದ್ದೀರಿ ಎಂದು ನಿಮ್ಮ ಮುಂದಿಡುತ್ತಿದ್ದೇನೆ. ಇಂಗ್ಲೆಂಡಿನ ಸೂಪರ್ ಮಾರ್ಕೆಟ್ಟಿನಲ್ಲಿ ಫ್ರಾನ್ಸಿನ ಶಾಂಪೇನೇ 25–30 ಪೌಂಡಿಗೆ ಸಿಗುತ್ತದೆ. ಹೀಗಿರುವಾಗ ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ತಯಾರಾದ ಸ್ಪಾರ್ಕ್ಲಿಂಗ್, ಅಂದರೆ ಗುಳ್ಳೆಯೇಳುವ ವೈನಿನ, ಲೇಬಲ್ಲಿನ ಮೇಲೆ ಬೆಳೆಯ ಇಸವಿ ಇರುವ (ವಿಂಟೇಜ್ ಎನ್ನುವುದು ಇದನ್ನೇ) ಬಾಟಲಿಗೆ ಅದರ ಎರಡು ಪಟ್ಟು, ಕೆಲವಕ್ಕೆ ನೂರು ಪೌಂಡಿಗೂ ಮೇಲೆ ಕೊಡುವುದು ಸರಿಯೇ?

ಸರಿ ಎಂದೇ ನನ್ನ ವಾದ. ಬಿಸಿಲಿನ ನಾಡಿನಲ್ಲಿ ದ್ರಾಕ್ಷಿ ಪ್ರತಿವರ್ಷ ಮಾಗಿಯೇ ಮಾಗುತ್ತದೆ, ಆದ್ದರಿಂದ ಅಲ್ಲಿ ಇಸವಿ ಬರೆಯುವುದು ದೊಡ್ಡ ಸಂಗತಿಯಲ್ಲ. ಸಸೆಕ್ಸ್ ಇರುವುದು 51ನೇ ಅಕ್ಷಾಂಶದ ಹತ್ತಿರ, ಶಾಂಪೇನ್ ಪ್ರದೇಶಕ್ಕಿಂತಲೂ ಉತ್ತರಕ್ಕೆ. ಇಲ್ಲಿ ಒಂದು ವರ್ಷದ ಬೆಳೆ ತನ್ನ ಕಾಲ ಮೇಲೆ ತಾನು ನಿಲ್ಲುವಷ್ಟು ಚೆನ್ನಾಗಿ ಬಂದಿದೆ ಎಂದು ಹೇಳಬೇಕಾದರೆ ಏಪ್ರಿಲ್‌ನ ಚಳಿ, ಜೂನ್‌ನ ಮಳೆ, ಅಕ್ಟೋಬರ್‌ನ ಬೂಷ್ಟು ಎಲ್ಲವನ್ನೂ ಅದು ದಾಟಿ ಬಂದಿರಬೇಕು.

ಉದಾಹರಣೆಗೆ ನಮ್ಮ ಊರಿಗೆ ಹತ್ತಿರದ ವೆಸ್ಟ್ ಚಿಲ್ಟಿಂಗ್ಟನ್‌ನ ನೈಟಿಂಬರ್ ತೋಟವನ್ನೇ ನೋಡಿ. ಷಿಕಾಗೊದಿಂದ ಬಂದ ಸ್ಟುವರ್ಟ್ ಮತ್ತು ಸ್ಯಾಂಡಿ ಮಾಸ್ ದಂಪತಿ 1988ರಲ್ಲಿ ಇಲ್ಲಿ ಶಾಂಪೇನಿನ ಮೂರು ತಳಿಗಳನ್ನೇ ನೆಟ್ಟರು: ಶಾರ್ಡೊನೆ, ಪಿನೊ ನ್ವಾರ್, ಪಿನೊ ಮ್ಯೂನಿಯೆ. ಇಲ್ಲಿ ಸೇಬು ಹಾಕಿ, ದ್ರಾಕ್ಷಿ ಬೇಡ ಎಂದು ಅವರಿಗೆ ಬುದ್ಧಿ ಹೇಳಿದವರಿದ್ದರು. 1992ರ ಬೆಳೆಯಿಂದ ಮಾಡಿದ ಅವರ ಮೊದಲ ವೈನು ವರ್ಷಗಳ ನಂತರ ಹೊರಬಂದಾಗ ಇಂಗ್ಲೆಂಡಿನ ವೈನಿನ ಬಗ್ಗೆ ಜನ ಮಾತಾಡುವ ಧಾಟಿಯೇ ಬದಲಾಯಿತು. 2006ರಲ್ಲಿ ತೋಟ ಎರಿಕ್ ಹೀರೆಮಾ ಅವರ ಕೈಗೆ ಬಂತು. ಮರುವರ್ಷ ಕೆನಡಾದ ಶೆರಿ ಸ್ಪ್ರಿಗ್ಸ್ ಮುಖ್ಯ ವೈನ್ ತಯಾರಕಿಯಾಗಿ ಸೇರಿದರು. 2012 ಇಂಗ್ಲೆಂಡಿಗೆ ದಾಖಲೆಯ ಮಳೆಯ ವರ್ಷ. ಆ ವರ್ಷದ ಹಣ್ಣು ತಮ್ಮ ಮಟ್ಟಕ್ಕೆ ಬರಲಿಲ್ಲ ಎಂದು ನೈಟಿಂಬರ್ ಒಂದೇ ಒಂದು ಬಾಟಲಿಯನ್ನೂ ಮಾಡಲಿಲ್ಲ. ಇಡೀ ವರ್ಷದ ದುಡಿಮೆಯನ್ನು ಕೈಬಿಟ್ಟ ಮನೆತನ ಮುಂದೊಂದು ವರ್ಷ ಇಸವಿ ಬರೆದು ಬಾಟಲಿ ಕೊಟ್ಟಾಗ ಆ ನಾಲ್ಕು ಅಂಕಿಗಳನ್ನು ನಾನು ನಂಬುತ್ತೇನೆ. ಆ ನಂಬಿಕೆಗೆ ದುಡ್ಡು ಕೊಡಲೂ ಸಿದ್ಧಳಿದ್ದೇನೆ.

ರೆಡಿಂಗ್ ನಿವಾಸಿ

ಮೇಡಂ, ಅಂದಿನ ಊಟದಲ್ಲಿ ನಿಮ್ಮ ಎದುರು ವಾದಿಸಿದವನು ನಾನೇ, ಇಲ್ಲೂ ಅದನ್ನೇ ವಾದಿಸುತ್ತೇನೆ.

2012ರ ತೀರ್ಮಾನವನ್ನು ನಾನೂ ಗೌರವಿಸುತ್ತೇನೆ. ಆದರೆ ಬೆಲೆಯ ಪ್ರಶ್ನೆ ಬೇರೆ. ಒಂದು, ಇಸವಿ ಎಂದರೆ ನೂರಕ್ಕೆ ನೂರು ಅದೇ ವರ್ಷದ ಹಣ್ಣು ಎಂದು ಖರೀದಿಸುವವರು ತಿಳಿದಿರುತ್ತಾರೆ. ಶಾಂಪೇನಿನಲ್ಲಿ ನಿಯಮ ಹಾಗೆಯೇ ಇದೆ, ಆದರೆ ಬ್ರಿಟನ್ನಿನಲ್ಲಿ 85% ಇದ್ದರೆ ಸಾಕು. ಎರಡು, ಹಲವು ವರ್ಷಗಳ ವೈನು ಬೆರೆಸಿ ಮಾಡುವ ಇಸವಿಯಿಲ್ಲದ ಬಾಟಲಿಯಲ್ಲಿ ಒಂದು ವರ್ಷದ ಕೊರತೆಯನ್ನು ಇನ್ನೊಂದು ವರ್ಷ ತುಂಬುತ್ತದೆ. ಚಳಿ ನಾಡಿಗೆ ಇದಕ್ಕಿಂತ ವಿವೇಕದ ದಾರಿ ಇದೆಯೇ? ಶಾಂಪೇನಿನವರು ಆ ಪದ್ಧತಿಯನ್ನು ಬೆಳೆಸಿದ್ದೇ ತಮ್ಮ ಕೆಟ್ಟ ಹವಾಮಾನದಿಂದ ಪಾರಾಗಲು. ಮೂರು, ಇಲ್ಲಿನ ತೋಟಗಳು ಹೊಸವು. ಜಮೀನು, ಯಂತ್ರ, ನೆಲಮಾಳಿಗೆಗಳ ಮೇಲೆ ಹಾಕಿದ ಬಂಡವಾಳ ಇನ್ನೂ ಹಿಂದಕ್ಕೆ ಬಂದಿಲ್ಲ. ನಮ್ಮ ದುಡ್ಡಿನ ದೊಡ್ಡ ಭಾಗ ಆ ಲೆಕ್ಕಕ್ಕೆ ಹೋಗುತ್ತದೆ, ಜೊತೆಗೆ ಅಬಕಾರಿ ಸುಂಕ, ಅದರ ಮೇಲೆ 20% ವ್ಯಾಟ್.

ನೀವು ಹೊಗಳುತ್ತಿರುವ ನೈಟಿಂಬರ್ ಕೂಡ ತನ್ನ ಮುಖ್ಯ ಬಾಟಲಿಯಾದ ಕ್ಲಾಸಿಕ್ ಕ್ಯುವೆಯಿಂದ ಇಸವಿಯನ್ನು ತೆಗೆದುಹಾಕಿ ಹಲವು ವರ್ಷಗಳ ಮಿಶ್ರಣಕ್ಕೆ ಬಂದಿದೆ. ಅವರೇ ಆ ದಾರಿ ಹಿಡಿದ ಮೇಲೆ ನಾವೇಕೆ ಇಸವಿಗೆ ಜೋತುಬೀಳಬೇಕು?

ರಸಾಯನ ಮೇಷ್ಟ್ರು, ಮೈಸೂರು

ಇಬ್ಬರ ವಾದವನ್ನೂ ಓದಿದೆ. ಬೆಲೆಯ ವಿಷಯಕ್ಕೆ ಹೋಗುವ ಮೊದಲು ಬಾಟಲಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡೋಣ, ಏಕೆಂದರೆ ಚಳಿ ಮತ್ತು ಕಾಲ ಎರಡೂ ಅಲ್ಲಿಯೇ ಸೇರುವುದು.

ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲಗಳು: ಟಾರ್ಟಾರಿಕ್ ಮತ್ತು ಮ್ಯಾಲಿಕ್. ಹಣ್ಣು ಮಾಗುವಾಗ ಸಕ್ಕರೆ ಏರುತ್ತದೆ, ಮ್ಯಾಲಿಕ್ ಆಮ್ಲ ಇಳಿಯುತ್ತದೆ. ಹಣ್ಣು ಉಸಿರಾಡುವಾಗ ಈ ಮ್ಯಾಲಿಕ್ ಆಮ್ಲವನ್ನು ಉರಿಸುತ್ತದೆ; ಶಾಖ ಹೆಚ್ಚಿದಷ್ಟೂ ಉರಿಯುವ ವೇಗ ಹೆಚ್ಚು. ಬಿಸಿ ಪ್ರದೇಶದಲ್ಲಿ ಸಕ್ಕರೆ ಓಡೋಡಿ ಬರುತ್ತದೆ, ಹುಳಿ ಅಷ್ಟೇ ಬೇಗ ಹೊರಟುಹೋಗುತ್ತದೆ, ಆದರೆ ಸಿಪ್ಪೆಯ ಪರಿಮಳ ತನ್ನದೇ ನಿಧಾನದಲ್ಲಿ ಬರುತ್ತದೆ. ಹುಳಿಯನ್ನು ಉಳಿಸಿಕೊಳ್ಳಲು ಬೇಗ ಕೊಯ್ದರೆ ರುಚಿ ಹಸಿ. ಪರಿಮಳಕ್ಕಾಗಿ ಕಾದರೆ ಹುಳಿ ಕೈಬಿಟ್ಟಿರುತ್ತದೆ. ತಂಪಾದ, ದೀರ್ಘವಾದ ಋತುವಿನಲ್ಲಿ ಮಾತ್ರ ಕಡಿಮೆ ಸಕ್ಕರೆ, ಹೆಚ್ಚು ಹುಳಿ, ಮಾಗಿದ ಪರಿಮಳ ಮೂರೂ ಒಂದೇ ದಿನ ಕೈಗೆ ಸಿಗುತ್ತವೆ. ಸ್ಪಾರ್ಕ್ಲಿಂಗ್ ವೈನಿಗೆ ಬೇಕಾದದ್ದು ಇದೇ.

ಇನ್ನು ಗುಳ್ಳೆಯ ಕಥೆ. ಮೊದಲ ಹುದುಗಿನಲ್ಲಿ 10–11% ಮದ್ಯಸಾರದ, ತುಂಬಾ ಹುಳಿಯಾದ, ಗುಳ್ಳೆಯಿಲ್ಲದ ವೈನು ಸಿದ್ಧವಾಗುತ್ತದೆ. ಅದಕ್ಕೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಬಾಟಲಿಗೆ ತುಂಬಿ ಬಿಗಿಯುತ್ತಾರೆ. ನಾಲ್ಕು ಗ್ರಾಂ ಸಕ್ಕರೆ ಸುಮಾರು ಒಂದು ಅಟ್ಮಾಸ್ಫಿಯರ್ ಒತ್ತಡ ಕೊಡುತ್ತದೆ, ಹಾಗಾಗಿ ಕೊನೆಗೆ ಆರರ ಹತ್ತಿರ ನಿಲ್ಲುತ್ತದೆ, ಕಾರಿನ ಟೈರಿನೊಳಗಿನ ಒತ್ತಡದ ಸುಮಾರು ಮೂರು ಪಟ್ಟು. ಈ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಗುಳ್ಳೆ ಬರುವುದಕ್ಕೆ ವರ್ಷಗಳು ಬೇಕಿಲ್ಲ.

ವರ್ಷಗಳು ಬೇಕಾಗುವುದು ಆಮೇಲೆ. ಸಕ್ಕರೆ ಮುಗಿದ ಮೇಲೆ ಯೀಸ್ಟ್ ಸತ್ತು ಬಾಟಲಿಯ ತಳದಲ್ಲಿ ಗಸಿಯಾಗಿ ಕೂರುತ್ತದೆ. ಸತ್ತ ಜೀವಕೋಶದ ಕಿಣ್ವಗಳು ಅದೇ ಜೀವಕೋಶವನ್ನು ಒಳಗಿನಿಂದ ಕರಗಿಸುತ್ತವೆ; ಅಮೈನೊ ಆಮ್ಲಗಳು, ಜೀವಕೋಶದ ಗೋಡೆಯ ಮ್ಯಾನೊಪ್ರೋಟೀನುಗಳು ವೈನಿಗೆ ಇಳಿಯುತ್ತವೆ. ಸುಟ್ಟ ಬ್ರೆಡ್ಡಿನ, ಬೇಕರಿಯ ಪರಿಮಳ, ನಾಲಿಗೆಯ ಮೇಲೆ ನುಣುಪು, ಸಣ್ಣ ಗುಳ್ಳೆ ಎಲ್ಲಕ್ಕೂ ಇದರ ಪಾಲಿದೆ. 10–12 ಡಿಗ್ರಿಯ ನೆಲಮಾಳಿಗೆಯಲ್ಲಿ ಇದು ಬಹಳ ನಿಧಾನ, ವರ್ಷಗಟ್ಟಲೆ ನಡೆಯುತ್ತದೆ. ಶಾಂಪೇನಿನ ನಿಯಮದಂತೆ ಇಸವಿಯಿಲ್ಲದ ಬಾಟಲಿ 15 ತಿಂಗಳು, ಇಸವಿಯದ್ದು ಕನಿಷ್ಠ 3 ವರ್ಷ ನೆಲಮಾಳಿಗೆಯಲ್ಲಿ ಕಳೆಯಬೇಕು. ಒಳ್ಳೆಯ ಮನೆತನಗಳು ಇದಕ್ಕಿಂತ ಬಹಳ ಹೆಚ್ಚು ಕಾಯುತ್ತವೆ. ಅಷ್ಟು ವರ್ಷ ಕಾದರೂ ವೈನು ಸಪ್ಪೆಯಾಗದೆ ಇರಬೇಕಾದರೆ ಅದರಲ್ಲಿ ಹುಳಿಯ ದಾಸ್ತಾನು ಇರಬೇಕು. ಚಳಿ ನಾಡು ಕೊಡುವ ದೊಡ್ಡ ಆಸ್ತಿ ಈ ಹುಳಿ. ಎಲ್ಲ ವರ್ಷಗಳ ಬೆಳೆಗೂ ಅಷ್ಟು ತಾಳಿಕೆ ಇರುವುದಿಲ್ಲ, ಇರುವುದನ್ನು ಆರಿಸಿ ಇಸವಿ ಬರೆಯುತ್ತಾರೆ. ರೆಡಿಂಗ್ ಸ್ನೇಹಿತರು ಈ ಅಂಶವನ್ನು ತಮ್ಮ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ತಿಕೋಟಾ ದ್ರಾಕ್ಷಿ ತೋಟ

ನಮಸ್ಕಾರ. ನಮ್ಮ ಮನೆಯಲ್ಲಿ ಯಾರೂ ಕುಡಿಯುವವರಿಲ್ಲ, ಆದರೆ ದ್ರಾಕ್ಷಿ ನಮಗೆ ಅನ್ನ ಕೊಡುವ ಬೆಳೆ, ಹಾಗಾಗಿ ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಮ್ಮದು ಥಾಮ್ಸನ್ ಸೀಡ್‌ಲೆಸ್, ಬಹುಪಾಲು ಒಣದ್ರಾಕ್ಷಿಗೆ ಹೋಗುತ್ತದೆ.

ನಮ್ಮ ವಿಜಯಪುರ ಭಾಗದಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆ ಎಂಬುದೇ ಇಲ್ಲ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಕಡ್ಡಿ ಬೆಳೆಯಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ವರ್ಷಕ್ಕೆ ಎರಡು ಸಲ ಕತ್ತರಿಸಿ ನಾವೇ ಬಳ್ಳಿಯನ್ನು ಎಬ್ಬಿಸುತ್ತೇವೆ. ಅಕ್ಟೋಬರ್ ಚಾಟ್ನಿಯಿಂದ ನಾಲ್ಕು ತಿಂಗಳ ಆಚೀಚೆ ಗೊನೆ ಕೊಯ್ಲಿಗೆ ಬರುತ್ತದೆ. ಒಣದ್ರಾಕ್ಷಿ ತೂಕ ಬರಬೇಕಾದರೆ ಬ್ರಿಕ್ಸ್, ಅಂದರೆ ಹಣ್ಣಿನ ರಸದ ಸಕ್ಕರೆಯ ಅಳತೆ, 22 ದಾಟಲೇಬೇಕು, ಅದಕ್ಕಿಂತ ಮೊದಲು ಕೊಯ್ದರೆ ನಷ್ಟ. ನಮಗೆ ಭಯ ಹೂ ಬಿಡುವ ಹೊತ್ತಿನ ಅಕಾಲಿಕ ಮಳೆಯದ್ದು. ಮೂರು ದಿನ ಮೋಡ ಮುಸುಕಿದರೆ ಡೌನಿ ಎಂಬ ಬೂಷ್ಟು ರೋಗ ಬಂದು ಗೊನೆಗೊನೆಯೇ ಹೋಗುತ್ತದೆ. ಔಷಧಿ ಹೊಡೆಯಲು ಟ್ರ್ಯಾಕ್ಟರ್ ಒಳಗೆ ಹೋಗಲಾರದಷ್ಟು ಕೆಸರು ಇರುತ್ತದೆ.

ಹಾರ್ಷಮ್ ಅಕ್ಕಾವರಿಗೆ ನನ್ನ ಪ್ರಶ್ನೆಗಳು. ಅಲ್ಲಿ ಕೊಯ್ಲಿನ ಹೊತ್ತಿಗೆ ಬ್ರಿಕ್ಸ್ ಎಷ್ಟಿರುತ್ತದೆ? ಏಪ್ರಿಲ್ ಚಳಿ ಎಂದಿರಿ, ಅದು ಬಳ್ಳಿಗೆ ಏನು ಮಾಡುತ್ತದೆ? ಹೆಕ್ಟೇರಿಗೆ ಇಳುವರಿ ಹೇಗೆ? ಬೆಲೆಯ ಬಗ್ಗೆ ಮಾತಾಡುವವರು ಮೊದಲು ಇಳುವರಿ ಕೇಳಬೇಕು ಎಂದು ನನಗೆ ಅನ್ನಿಸುತ್ತದೆ.

ಹಾರ್ಷಮ್ ಕನ್ನಡತಿ

ತಿಕೋಟಾ ಅಣ್ಣಾವರೇ, ನಿಮ್ಮ ಪ್ರಶ್ನೆ ಬಂದದ್ದು ಬಹಳ ಒಳ್ಳೆಯದಾಯಿತು. ನಾವೆಲ್ಲ ಬಾಟಲಿಯಿಂದ ಹಿಂದಕ್ಕೆ ನೋಡುತ್ತಿದ್ದೆವು, ನೀವು ಬೇರಿನಿಂದ ನೋಡುತ್ತಿದ್ದೀರಿ.

ಬ್ರಿಕ್ಸ್ ಸುಮಾರು 17ರಿಂದ 19. ನಿಮ್ಮ ಲೆಕ್ಕದಲ್ಲಿ ಅದು ಇನ್ನೂ ಕೊಯ್ಯಬಾರದ ಹಣ್ಣು. ಆದರೆ ಅಷ್ಟು ಬರಲು ಇಲ್ಲಿ ಬಳ್ಳಿ ಏಪ್ರಿಲ್ ಮಧ್ಯದಿಂದ ಅಕ್ಟೋಬರ್‌ವರೆಗೆ ದುಡಿದಿರುತ್ತದೆ. ಹೂ ಬಿಡುವುದು ಜೂನ್ ಕೊನೆ, ಜುಲೈ ಮೊದಲ ವಾರ. ಇಲ್ಲಿನವರು ವಿಂಬಲ್ಡನ್ ಟೆನಿಸ್ ನಡೆಯುವ ಹೊತ್ತು ಎಂದು ನೆನಪಿಟ್ಟುಕೊಳ್ಳುತ್ತಾರೆ. ಆಗ ಮಳೆ, ಚಳಿ ಇದ್ದರೆ ಕಾಯಿ ಕಚ್ಚುವುದೇ ಇಲ್ಲ. 2012ರಲ್ಲಿ ಆದದ್ದರಲ್ಲಿ ಇದೂ ಒಂದು.

ಏಪ್ರಿಲ್ ಚಳಿಯ ವಿಷಯ. ಚಳಿಗಾಲದಲ್ಲಿ ಬಳ್ಳಿ ಮಲಗಿರುವಾಗ ಎಷ್ಟು ಹಿಮ ಬಿದ್ದರೂ ಚಿಂತೆಯಿಲ್ಲ. ಮೊಗ್ಗು ಒಡೆದು ಹಸಿರು ಚಿಗುರು ಹೊರಬಂದ ಮೇಲೆ ರಾತ್ರಿ ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಕೆಳಗಿಳಿದರೆ ಚಿಗುರು ಬೆಳಗಾಗುವಷ್ಟರಲ್ಲಿ ಕಪ್ಪಾಗಿ ಜೋತುಬಿದ್ದಿರುತ್ತದೆ. ಎರಡನೆಯ ಚಿಗುರು ಬರುತ್ತದೆ, ಆದರೆ ಅದರಲ್ಲಿ ಗೊನೆ ಕಡಿಮೆ, ಮಾಗುವುದೂ ತಡ. 2017ರ ಏಪ್ರಿಲ್ ಕೊನೆಯ ವಾರದಲ್ಲಿ ಇಂಗ್ಲೆಂಡ್, ಫ್ರಾನ್ಸ್ ಎರಡೂ ಕಡೆ ಹೀಗಾಯಿತು. ಅಂಥ ರಾತ್ರಿಗಳಲ್ಲಿ ಸಾಲುಗಳ ನಡುವೆ ಮೇಣ ತುಂಬಿದ ಡಬ್ಬಿಗಳನ್ನು ಹೆಕ್ಟೇರಿಗೆ ನೂರಾರು ಇಟ್ಟು ಬೆಳಗಿನ ಜಾವ ಎರಡು, ಮೂರು ಗಂಟೆಗೆ ಹಚ್ಚುತ್ತಾರೆ. ಒಮ್ಮೆ ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ಕಂಡಿದ್ದೇನೆ: ಇಳಿಜಾರಿನ ಉದ್ದಕ್ಕೂ ಸಾಲು ಹಿಡಿದ ಉರಿ, ನೆಲಕ್ಕೆ ಅಂಟಿಕೊಂಡ ಹೊಗೆ, ನಡುವೆ ತಲೆಗೆ ದೀಪ ಕಟ್ಟಿಕೊಂಡು ಡಬ್ಬಿಯಿಂದ ಡಬ್ಬಿಗೆ ಓಡುತ್ತಿದ್ದ ಆಳುಗಳು. ಇದರಿಂದ ಸಿಗುವುದು ಎರಡು, ಮೂರು ಡಿಗ್ರಿಯ ರಕ್ಷಣೆ. ಒಂದು ರಾತ್ರಿಯ ಮೇಣದ ಖರ್ಚೇ ದೊಡ್ಡದು, ಮರುದಿನ ರಾತ್ರಿ ಮತ್ತೆ ಚಳಿ ಬಂದರೆ ಮತ್ತೆ ಅಷ್ಟೇ ಖರ್ಚು.

ಇಳುವರಿ ಸಾಮಾನ್ಯವಾಗಿ ಶಾಂಪೇನಿನ ಅರ್ಧಕ್ಕಿಂತಲೂ ಕಡಿಮೆ. ವರ್ಷದಿಂದ ವರ್ಷಕ್ಕೆ ಏರಿಳಿತವೂ ವಿಪರೀತ: 2018 ಭರ್ಜರಿ, 2023 ಅದನ್ನೂ ಮೀರಿಸಿತು, 2024ರಲ್ಲಿ ದೇಶದ ಒಟ್ಟು ಉತ್ಪಾದನೆ ಹಿಂದಿನ ವರ್ಷದ ಸುಮಾರು ಅರ್ಧಕ್ಕೆ ಇಳಿಯಿತು. ಹೆಕ್ಟೇರಿನ ಖರ್ಚು ಮಾತ್ರ ಎಲ್ಲ ವರ್ಷವೂ ಅಷ್ಟೇ. ರೆಡಿಂಗ್ ಅವರು ಹೇಳಿದ ಬಂಡವಾಳದ ಲೆಕ್ಕ ನಿಜ, ಆದರೆ ಅದಕ್ಕಿಂತ ದೊಡ್ಡ ಲೆಕ್ಕ ಇದು.

ತಿಕೋಟಾ ದ್ರಾಕ್ಷಿ ತೋಟ

ಅರ್ಧ ಇಳುವರಿ, ಅದೂ ಖಾತ್ರಿಯಿಲ್ಲ, ಮಾರಾಟವಾಗುವುದು ನಾಲ್ಕೈದು ವರ್ಷದ ನಂತರ! ನಮ್ಮಲ್ಲಿ ಶೀತಲ ಗೃಹದಲ್ಲಿ ಒಣದ್ರಾಕ್ಷಿ ಇಟ್ಟು ದರಕ್ಕೆ ಆರು ತಿಂಗಳು ಕಾಯುವುದೇ ಕಷ್ಟ, ಬಡ್ಡಿ ತಿಂದುಹಾಕುತ್ತದೆ. ಬೆಲೆ ಹೆಚ್ಚಾಯಿತು ಎಂದು ರೈತನಾಗಿ ನಾನಂತೂ ಹೇಳಲಾರೆ.

ಪ್ಯಾರಿಸ್‌ನಿಂದ ಕರಾವಳಿಯವ

ಫ್ರಾನ್ಸಿನ ಕಡೆಯಿಂದ ಎರಡು ಮಾತು. ನಾನು ಶಾಂಪೇನಿನ ಪಕ್ಷಪಾತಿ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಸಸೆಕ್ಸನ್ನು ಹಗುರವಾಗಿ ಕಾಣುವವರ ಜೊತೆ ನಾನಿಲ್ಲ.

ಶಾಂಪೇನಿನ ದೊಡ್ಡ ಮನೆತನಗಳೇ ಇಂಗ್ಲಿಷ್ ಕಾಲುವೆ ದಾಟಿ ಹೋಗಿ ಜಮೀನು ಹಿಡಿದಿವೆ. ತೆತ್ತಾಂಜೆ 2015ರಲ್ಲಿ ಕೆಂಟ್‌ನ ಚಿಲ್ಲಮ್ ಬಳಿ ಜಮೀನು ಕೊಂಡು 2017ರಲ್ಲಿ ಬಳ್ಳಿ ನೆಟ್ಟಿತು. ಪೊಮ್ಮೆರಿ ಹ್ಯಾಂಪ್‌ಶೈರ್‌ನಲ್ಲಿ ತೋಟ ಮಾಡಿದೆ. ತೆತ್ತಾಂಜೆ ತೋಟಕ್ಕೆ ಇಟ್ಟ ಹೆಸರು ಡೊಮೇನ್ ಎವ್ರೆಮಾಂಡ್. ಇದು ಸುಮ್ಮನೆ ಇಟ್ಟದ್ದಲ್ಲ. ಸೇಂಟ್ ಎವ್ರೆಮಾಂಡ್ ಎಂಬ ಫ್ರೆಂಚ್ ಸಾಹಿತಿ 17ನೇ ಶತಮಾನದಲ್ಲಿ ದೇಶಭ್ರಷ್ಟನಾಗಿ ಲಂಡನ್ನಿಗೆ ಬಂದು ಎರಡನೇ ಚಾರ್ಲ್ಸ್‌ನ ಆಸ್ಥಾನಕ್ಕೆ ಶಾಂಪೇನಿನ ರುಚಿ ಹತ್ತಿಸಿದವನು, ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲೇ ಸಮಾಧಿಯಾದವನು.

ಅದೇ ಕಾಲದ ಇನ್ನೊಂದು ಸಂಗತಿಯನ್ನು ಇಲ್ಲಿನ ಫ್ರೆಂಚ್ ಗೆಳೆಯರ ಮುಂದೆ ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ, ಆದರೂ ದಾಖಲೆ ದಾಖಲೆಯೇ. 1662ರ ಡಿಸೆಂಬರಿನಲ್ಲಿ ಕ್ರಿಸ್ಟೊಫರ್ ಮೆರೆಟ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ, ವೈನು ಗುಳ್ಳೆಯೇಳಲು ವ್ಯಾಪಾರಿಗಳು ಸಕ್ಕರೆ, ಕಾಕಂಬಿ ಸೇರಿಸುತ್ತಾರೆ ಎಂದು ಬರೆದಿದ್ದಾನೆ. ಶಾಂಪೇನ್ ಕಂಡುಹಿಡಿದನೆಂದು ಜನ ಹೇಳುವ ಸನ್ಯಾಸಿ ಡಾಮ್ ಪೆರಿನ್ಯೋನ್ ಓವಿಲೆ ಮಠಕ್ಕೆ ಬಂದದ್ದು 1668ರಲ್ಲಿ. ಆ ಒತ್ತಡ ತಡೆಯುವ ಬಾಟಲಿಯೂ ಇಂಗ್ಲೆಂಡಿನದೇ: ಹಡಗು ಕಟ್ಟಲು ಮರ ಬೇಕೆಂದು ಒಂದನೇ ಜೇಮ್ಸ್ 1615ರಲ್ಲಿ ಗಾಜಿನ ಕುಲುಮೆಗಳಿಗೆ ಸೌದೆ ಬಳಸುವುದನ್ನು ನಿಷೇಧಿಸಿದ, ಕಲ್ಲಿದ್ದಲಿನ ಉರಿಯಲ್ಲಿ ಗಾಜು ಗಟ್ಟಿಯಾಗಿ ಬಂತು. ಹಾಗೆಂದು ಇಂಗ್ಲಿಷರೇ ಶಾಂಪೇನ್ ಕಂಡುಹಿಡಿದರು ಎಂದು ನಾನು ಒಪ್ಪುವುದಿಲ್ಲ. ಮಿಶ್ರಣದ ಕಲೆ, ಗಸಿ ತೆಗೆಯುವ ಕಲೆ, ತೋಟಗಳ ಗುಣ ಅಳೆಯುವ ಕಲೆ ಎಲ್ಲವೂ ಶಾಂಪೇನಿನ ಊರುಗಳಾದ ರೀಮ್ಸ್ ಮತ್ತು ಎಪೆರ್ನೆಯಲ್ಲಿ ತಲೆಮಾರುಗಳ ಕಾಲ ಬೆಳೆದವು.

ಸ್ಪರ್ಧೆಗಳ ಮಾತು ಬಂದರೆ, 2010ರಲ್ಲಿ ಡಿಕ್ಯಾಂಟರ್ ಪತ್ರಿಕೆಯ ಜಾಗತಿಕ ಸ್ಪರ್ಧೆಯಲ್ಲಿ ಸ್ಪಾರ್ಕ್ಲಿಂಗ್ ವಿಭಾಗದ ಅಂತರರಾಷ್ಟ್ರೀಯ ಟ್ರೋಫಿ ಸಸೆಕ್ಸ್‌ನ ರಿಜ್‌ವ್ಯೂ ತೋಟದ 2006ರ ಬ್ಲಾಂ ದ ಬ್ಲಾಂಗೆ (ಬಿಳಿ ದ್ರಾಕ್ಷಿಯಿಂದ ಮಾತ್ರ ಮಾಡಿದ ವೈನು) ಹೋಯಿತು. 2018ರಲ್ಲಿ ಇಂಟರ್‌ನ್ಯಾಷನಲ್ ವೈನ್ ಚಾಲೆಂಜ್ ವರ್ಷದ ಸ್ಪಾರ್ಕ್ಲಿಂಗ್ ವೈನ್ ತಯಾರಕ ಪ್ರಶಸ್ತಿಯನ್ನು ಶೆರಿ ಸ್ಪ್ರಿಗ್ಸ್ ಅವರಿಗೆ ಕೊಟ್ಟಿತು, ಶಾಂಪೇನಿನ ಹೊರಗಿನವರಿಗೆ ಮೊದಲ ಸಲ, ಮಹಿಳೆಗೂ ಮೊದಲ ಸಲ. 2025ರಲ್ಲಿ ಅದೇ ಸ್ಪರ್ಧೆಯ ಅತ್ಯುತ್ತಮ ಸ್ಪಾರ್ಕ್ಲಿಂಗ್ ವೈನ್ ಪಟ್ಟ ನೈಟಿಂಬರ್‌ನ 2016ರ ಬ್ಲಾಂ ದ ಬ್ಲಾಂ ಮ್ಯಾಗ್ನಮ್‌ಗೆ, ಅಂದರೆ ಒಂದೂವರೆ ಲೀಟರಿನ ಬಾಟಲಿಗೆ, ಸಿಕ್ಕಿತು. ಗೆದ್ದ ಎರಡೂ ವೈನುಗಳು ಇಸವಿ ಬರೆದವು, ಎರಡೂ ಶಾರ್ಡೊನೆಯವು ಎಂಬುದನ್ನು ಗಮನಿಸಿ.

ರೆಡಿಂಗ್ ನಿವಾಸಿ

ಇಳುವರಿಯ ಮತ್ತು ಕಾಯುವ ಖರ್ಚಿನ ವಾದವನ್ನು ಒಪ್ಪುತ್ತೇನೆ. ಅದರಿಂದ ಬೆಲೆ ಏಕೆ ಹೆಚ್ಚು ಎಂಬುದು ತಿಳಿಯಿತು; ಕುಡಿಯುವವನಿಗೆ ಅಷ್ಟು ಸಿಗುತ್ತದೆಯೇ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ತಯಾರಕನ ಕಷ್ಟ ಗ್ರಾಹಕನ ಲಾಭ ಆಗಲೇಬೇಕೆಂದಿಲ್ಲ.

ಜೊತೆಗೆ ಇನ್ನೊಂದು ಚಿಂತೆ. ತಂಪು ನಾಡು ಎನ್ನುತ್ತೀರಿ, ಆದರೆ 2022ರ ಜುಲೈನಲ್ಲಿ ಲಿಂಕನ್‌ಶೈರ್‌ನಲ್ಲಿ 40.3 ಡಿಗ್ರಿ ದಾಖಲಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ದ್ರಾಕ್ಷಿ ತೋಟ 4,000 ಹೆಕ್ಟೇರ್ ದಾಟಿದೆ, ಕಾರಣ ಹವಾಮಾನ ಬಿಸಿಯಾಗುತ್ತಿರುವುದೇ. ಇನ್ನು ಇಪ್ಪತ್ತು ವರ್ಷದಲ್ಲಿ ಮೇಷ್ಟ್ರು ಹೇಳಿದ ಆ ಹುಳಿ ಉಳಿದೀತೇ?

ರಸಾಯನ ಮೇಷ್ಟ್ರು, ಮೈಸೂರು

ಒಂದು ದಿನದ ಗರಿಷ್ಠ ತಾಪಮಾನ ಸುದ್ದಿಯಾಗುತ್ತದೆ. ಬಳ್ಳಿ ನೋಡುವುದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಸರಾಸರಿಯನ್ನು. ದಕ್ಷಿಣ ಇಂಗ್ಲೆಂಡಿನಲ್ಲಿ ಅದು ಇನ್ನೂ 14 ಡಿಗ್ರಿಯ ಆಸುಪಾಸಿನಲ್ಲಿದೆ. ಬಿಸಿಯಾದಂತೆ ಒಳ್ಳೆಯ ವರ್ಷಗಳು ಹೆಚ್ಚು ಬರುತ್ತಿವೆ ಎಂಬುದು ನಿಜ, ಆದರೆ ಮಾರ್ಚ್ ಬೆಚ್ಚಗಾದರೆ ಮೊಗ್ಗು ಬೇಗ ಒಡೆಯುತ್ತದೆ, ಏಪ್ರಿಲ್‌ನ ಹಿಮಕ್ಕೆ ಬಾಯಿಗಿಟ್ಟ ತುತ್ತಾಗುತ್ತದೆ. 2017ರ ಹಾನಿಗೆ ಇದೇ ದೊಡ್ಡ ಕಾರಣ. ಅಂದರೆ ತಾಪಮಾನ ಏರಿದರೂ ಅನಿಶ್ಚಿತತೆ ಇಳಿಯುತ್ತಿಲ್ಲ. ನಿಜವಾದ ಆತಂಕ ಇರುವುದು ಶಾಂಪೇನಿಗೆ. ಅಲ್ಲಿ ಕೊಯ್ಲು ಈಗ ಆಗಸ್ಟ್‌ನಲ್ಲೇ ಶುರುವಾಗುವ ವರ್ಷಗಳು ಬಂದಿವೆ.

ಬಸವನಗುಡಿ ಓದುಗಿ

ನನ್ನ ಎರಡು ಸಂದೇಹ. ನಮ್ಮ ನಂದಿ ಬೆಟ್ಟದ ತಪ್ಪಲಿನಲ್ಲಿ ಇಂಥದ್ದನ್ನು ಮಾಡಲಾಗದೇ? ಮತ್ತು ಅಣ್ಣ ಜುಲೈನಲ್ಲಿ ಲಂಡನ್ನಿನಿಂದ ಬರುತ್ತಾನೆ, ಅಪ್ಪ ಅಮ್ಮನ ವಿವಾಹದ ನಲವತ್ತನೇ ವರ್ಷಕ್ಕೆ ಒಂದು ಒಳ್ಳೆಯ ಬಾಟಲಿ ತರಿಸಬೇಕೆಂದಿದೆ. ಯಾವುದು, ಹೇಗೆ ತರುವುದು, ಏನು ಅಡುಗೆ ಮಾಡುವುದು?

ಪ್ಯಾರಿಸ್‌ನಿಂದ ಕರಾವಳಿಯವ

ಮೊದಲ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ತೋಟ ಫ್ರಾನ್ಸಿನ ತಳಿಗಳನ್ನು ದಶಕಗಳಿಂದ ಬೆಳೆಸುತ್ತಿದೆ, ಕೆಂಪು ವೈನಿನಲ್ಲಿ ಹೆಸರು ಮಾಡಿದೆ. ಸ್ಪಾರ್ಕ್ಲಿಂಗ್ ವೈನಿಗೆ ನಾಸಿಕ್ ಮುಂದು. ಷಾಂಡೊನ್ ಸಂಸ್ಥೆ ದಿಂಡೋರಿಯಲ್ಲಿ ತಯಾರಿಸುತ್ತದೆ, ಹುಳಿ ಉಳಿಸಿಕೊಳ್ಳುವ ಶೆನಿನ್ ಬ್ಲಾಂ ತಳಿಗೆ ಅದರಲ್ಲಿ ಮುಖ್ಯ ಪಾತ್ರ. ಚಳಿಗಾಲದ ತಂಪು ರಾತ್ರಿಗಳು ಮುಗಿಯುವ ಮೊದಲೇ ಕೊಯ್ದು ಹುಳಿ ಕಾಪಾಡುತ್ತಾರೆ. ಎಳೆಯದಾಗಿ, ಹಣ್ಣಿನ ತಾಜಾತನಕ್ಕಾಗಿ ಕುಡಿಯಲು ಅವು ಬಹಳ ಚೆನ್ನಾಗಿವೆ, ಹೆಮ್ಮೆಯಿಂದಲೇ ಹೇಳುತ್ತೇನೆ. ಹತ್ತು ವರ್ಷ ಗಸಿಯ ಮೇಲೆ ಮಲಗಿಸಿ ತೆಗೆಯುವ ಹುಳಿ ಮಾತ್ರ ಆ ಅಕ್ಷಾಂಶ ಕೊಡುವುದಿಲ್ಲ.

ಅಡುಗೆಗೆ ನಮ್ಮ ಕರಾವಳಿಯ ಕಾಣೆ ರವೆ ಫ್ರೈ ಮಾಡಿ. ಉಪ್ಪು, ಎಣ್ಣೆ, ಗರಿಗರಿ ಹೊದಿಕೆ ಮೂರಕ್ಕೂ ಹುಳಿಯಾದ ಸ್ಪಾರ್ಕ್ಲಿಂಗ್ ವೈನು ಹೇಳಿ ಮಾಡಿಸಿದ ಜೋಡಿ. ಮೆಣಸಿನ ಖಾರ ಸ್ವಲ್ಪ ಇಳಿಸಿ. ಖಾರ ಹೆಚ್ಚಾದರೆ ಗುಳ್ಳೆ ನಾಲಿಗೆಯನ್ನು ಚುಚ್ಚುತ್ತದೆ. ಸಸ್ಯಾಹಾರಿಗಳಿದ್ದರೆ ಉಪ್ಪು ಹಾಕಿ ಹುರಿದ ಗೋಡಂಬಿ, ಹೀರೇಕಾಯಿ ಬಜ್ಜಿ ಸಾಕು. ಪಾಯಸದ ಜೊತೆ ಕೊಡಬೇಡಿ, ಸಿಹಿಯ ಮುಂದೆ ವೈನು ಬರಿಯ ಹುಳಿಯಾಗಿಬಿಡುತ್ತದೆ.

ಹಾರ್ಷಮ್ ಕನ್ನಡತಿ

ಬಸವನಗುಡಿಯವರೇ, ನಲವತ್ತನೇ ವರ್ಷ ಎಂದಮೇಲೆ ಧಾರಾಳವಾಗಿ ಯೋಚಿಸೋಣ. ಕೈ ಬಿಚ್ಚಿ ಖರ್ಚು ಮಾಡುವುದಾದರೆ ನೈಟಿಂಬರ್‌ನ 1086. ಈ ಜಾಗದ ಹೆಸರು 1086ರ ಡೂಮ್ಸ್‌ಡೇ ಎಂಬ ಇಂಗ್ಲೆಂಡಿನ ಹಳೆಯ ಜಮೀನು ಗಣತಿಯ ದಾಖಲೆಯಲ್ಲಿ ಬರುವುದರಿಂದ ಅತ್ಯುತ್ತಮ ಬಾಟಲಿಗೆ ಆ ಅಂಕಿ ಇಟ್ಟಿದ್ದಾರೆ. ಮೊದಲು ಹೊರಬಂದ 2009ರ ವೈನು 2018ರವರೆಗೆ ಕಾದಿತ್ತು. ಅಷ್ಟು ಬೇಡವೆಂದರೆ ಅವರದೇ ಬ್ಲಾಂ ದ ಬ್ಲಾಂ ಅಥವಾ ರಿಜ್‌ವ್ಯೂನ ಇಸವಿ ಬರೆದ ಬ್ಲಾಂ ದ ಬ್ಲಾಂ.

ಕೊಳ್ಳುವಾಗ ಇಸವಿಯ ಜೊತೆಗೆ ಇನ್ನೊಂದು ತಾರೀಖನ್ನೂ ನೋಡಲು ಅಣ್ಣನಿಗೆ ಹೇಳಿ: ಗಸಿ ತೆಗೆದ ದಿನ. ರೆಡಿಂಗ್ ಅವರ "ಕುಡಿಯುವವನಿಗೆ ಏನು ಸಿಗುತ್ತದೆ" ಎಂಬ ಪ್ರಶ್ನೆಗೂ ನನ್ನ ಉತ್ತರ ಇಲ್ಲೇ ಇದೆ. ಬಾಟಲಿಯನ್ನು ತಲೆಕೆಳಗಾಗಿ ಇಟ್ಟು, ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಗಸಿಯನ್ನೆಲ್ಲ ಕತ್ತಿಗೆ ಇಳಿಸುತ್ತಾರೆ. ಆಮೇಲೆ ಕತ್ತನ್ನು ಶೂನ್ಯಕ್ಕಿಂತ 25 ಡಿಗ್ರಿಯಷ್ಟು ಕೆಳಗಿನ ದ್ರಾವಣದಲ್ಲಿ ಅದ್ದಿದರೆ ಗಸಿ ಮಂಜಿನ ಬಿರಡೆಯಾಗಿ ಹೆಪ್ಪುಗಟ್ಟುತ್ತದೆ. ಮುಚ್ಚಳ ತೆಗೆದ ಕೂಡಲೇ ಆ ಬೂದು ಬಣ್ಣದ ತುಂಡು ಒತ್ತಡಕ್ಕೆ ಪಟ್ ಎಂದು ಹಾರಿಹೋಗುತ್ತದೆ, ಒಳಗಿನ ವೈನು ಕನ್ನಡಿಯಷ್ಟು ತಿಳಿ. ಖಾಲಿಯಾದಷ್ಟು ಜಾಗಕ್ಕೆ ಅಳೆದು ಸಕ್ಕರೆ ಬೆರೆಸಿದ ವೈನು ತುಂಬಿ ಬಿರಡೆ ಹಾಕುತ್ತಾರೆ. ಬ್ರೂಟ್ ಎಂದು ಬರೆದಿದ್ದರೆ ಲೀಟರಿಗೆ ಸಕ್ಕರೆ 12 ಗ್ರಾಂ ಮೀರಿಲ್ಲ. ಆ ದಿನದಿಂದ ಯೀಸ್ಟಿನ ಕೆಲಸ ನಿಂತಿತು. ಇಸವಿಗೂ ಆ ದಿನಕ್ಕೂ ನಡುವಿನ ಅಂತರವೇ ನೀವು ದುಡ್ಡು ಕೊಟ್ಟ ಕಾಲ. ನೈಟಿಂಬರ್ ಬಾಟಲಿಯ ಹಿಂದಿನ ಲೇಬಲ್ಲಿನಲ್ಲಿರುವ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿದರೆ ಆ ಬಾಟಲಿಯ ಜಾತಕವೇ ಸಿಗುತ್ತದೆ. ಈ ತಾರೀಖನ್ನು ಎಲ್ಲಿಯೂ ಹೇಳದ ಮನೆತನಕ್ಕೆ ನೂರು ಪೌಂಡು ಕೊಡಬೇಡಿ. ಅಷ್ಟರಮಟ್ಟಿಗೆ ನಾನು ರೆಡಿಂಗ್ ಅವರ ಪಕ್ಷ.

ತರುವ ವಿಷಯ: ಭಾರತಕ್ಕೆ ಬರುವ ವಯಸ್ಕ ಪ್ರಯಾಣಿಕ ಸುಂಕವಿಲ್ಲದೆ 2 ಲೀಟರ್ ತರಬಹುದು, ಅಂದರೆ 750 ಮಿಲಿಯ ಎರಡು ಬಾಟಲಿ. ಸೂಟ್‌ಕೇಸಿನ ನಡುವೆ ದಪ್ಪ ಬಟ್ಟೆಯಲ್ಲಿ ಸುತ್ತಿ ಇಡಲಿ. ಮನೆಗೆ ಬಂದ ಮೇಲೆ ಎರಡು ದಿನ ಅಲುಗಾಡಿಸಬೇಡಿ, ಅಡುಗೆಮನೆಯ ಬಿಸಿಯಿಂದ ದೂರ, ಕತ್ತಲಲ್ಲಿ ಇಡಿ. ಬಡಿಸುವ ಮೊದಲು ಮೂರು, ನಾಲ್ಕು ಗಂಟೆ ಫ್ರಿಜ್ಜಿನಲ್ಲಿದ್ದರೆ ಸಾಕು, ಫ್ರೀಜರ್ ಬೇಡ. ಬಿರಡೆಯ ಮೇಲಿನ ತಂತಿಯನ್ನು ಆರು ಅರ್ಧ ಸುತ್ತು ಬಿಚ್ಚಬೇಕು, ಬಿಚ್ಚುವಾಗಿನಿಂದಲೇ ಹೆಬ್ಬೆರಳು ಬಿರಡೆಯ ಮೇಲಿರಲಿ. ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ, ಯಾರ ಮುಖದ ಕಡೆಗೂ ಹಿಡಿಯದೆ. ಉದ್ದನೆಯ ಸಪೂರ ಲೋಟಕ್ಕಿಂತ ಸಾಮಾನ್ಯ ಬಿಳಿ ವೈನಿನ ಲೋಟದಲ್ಲಿ ಪರಿಮಳ ಚೆನ್ನಾಗಿ ತೆರೆಯುತ್ತದೆ.

ಬಸವನಗುಡಿ ಓದುಗಿ

ಧನ್ಯವಾದ ಅಕ್ಕ. ಎರಡು ಬಾಟಲಿ ತರಬಹುದಾದರೆ ಒಂದನ್ನು ಐವತ್ತನೇ ವರ್ಷಕ್ಕೆ ಎತ್ತಿಡಬಹುದೇ?

ಹಾರ್ಷಮ್ ಕನ್ನಡತಿ

ಬೆಂಗಳೂರಿನ ಬೀರುವಿನಲ್ಲಿ ಹತ್ತು ವರ್ಷ ಬೇಡ. ಏಪ್ರಿಲ್‌ನ ಸೆಕೆಗೆ ಪ್ರತಿವರ್ಷ ಸ್ವಲ್ಪಸ್ವಲ್ಪವೇ ಸೊರಗುತ್ತದೆ, ಗುಳ್ಳೆಯೂ ಇಳಿಯುತ್ತದೆ. ಎರಡನೆಯದನ್ನು ಅಣ್ಣನ ಮನೆಯಲ್ಲೇ ತಂಪಾದ ಜಾಗದಲ್ಲಿ ಮಲಗಿಸಿಡಲು ಹೇಳಿ. ಸಾಧ್ಯವಾದರೆ ಅದನ್ನು ಮ್ಯಾಗ್ನಮ್ ಕೊಳ್ಳಲಿ. ಒಂದೂವರೆ ಲೀಟರಿಗೆ ಬಿರಡೆಯ ಕೆಳಗಿನ ಗಾಳಿಯ ಪಾಲು ಕಡಿಮೆ, ಹಾಗಾಗಿ ವೈನು ನಿಧಾನವಾಗಿ ಹಳತಾಗುತ್ತದೆ.